ದಾರಿಯಲ್ಲಿ ನಿಲ್ಲುವ ಮೋಟಾರು ಸೈಕಲ್ಲು: ಪೆಟ್ರೋಲಿನ ಹಾದಿಯನ್ನು ಪರೀಕ್ಷಿಸುವ ಕ್ರಮ

ಗ್ರಾಮಾಂತರಗಳಲ್ಲಿ ಮೋಟಾರು ಸೈಕಲ್ಲು ಈಗ ಸ್ಥಿತಿವಂತರ ವಿನೋದದ ವಾಹನವಾಗಿ ಉಳಿದಿರುವುದಿಲ್ಲ. ಬೆಳಗಿನ ಹಾಲನ್ನು ವೇಳೆಗೆ ಸರಿಯಾಗಿ ಡೈರಿಗೆ ಒಪ್ಪಿಸುವುದು, ಬಿತ್ತನೆಯ ಹದ ತಪ್ಪುವುದರೊಳಗಾಗಿ ಬೀಜಗೊಬ್ಬರಗಳನ್ನು ತರುವುದು, ರಾತ್ರಿಯಲ್ಲಿ ವಿದ್ಯುತ್ತು ಬಂದಾಗ ದೂರದ ಪಂಪುಸೆಟ್ಟಿನ ಬಳಿಗೆ ಹೋಗುವುದು, ಅವೇಳೆಯಲ್ಲಿ ವೈದ್ಯರ ಬಳಿಗೆ ಓಡುವುದು, ಇವೇ ಮೊದಲಾದ ಕೆಲಸಗಳು ಅದನ್ನೇ ಅವಲಂಬಿಸಿರುವುವು. ಇಂಥಾ ವಾಹನವು ನಡುದಾರಿಯಲ್ಲಿ ನಿಂತುಹೋದಲ್ಲಿ ಆಗುವ ನಷ್ಟವು ರಿಪೇರಿಯ ಖರ್ಚಿನಿಂದ ಮುಗಿಯುವುದಿಲ್ಲ. ಹಾಲು ಕೆಡುವುದು, ಹದ ತಪ್ಪುವುದು, ಕೆಲವು ಸಂದರ್ಭಗಳಲ್ಲಿ ಪ್ರಾಣಕ್ಕೇ ಸಂಚಕಾರ ಬರುವುದು.

ಹೀಗೆ ನಿಲ್ಲುವ ವಾಹನಗಳಲ್ಲಿ ಅನೇಕವು ಪೆಟ್ರೋಲು ಯಂತ್ರಕ್ಕೆ ಸರಿಯಾಗಿ ಒದಗದಿರುವುದರಿಂದಲೇ ನಿಲ್ಲುವುವು. ಆದರೆ ಇದನ್ನು ವಿಚಾರಿಸದೆ ಮೊದಲು ಪ್ಲಗ್ಗನ್ನು ಬದಲಾಯಿಸುವುದು, ಅನಂತರ ಕಾಯಿಲನ್ನು ಬದಲಾಯಿಸುವುದು, ಕೊನೆಗೆ ಕಾರ್ಬ್ಯುರೇಟರನ್ನೇ ಬಿಚ್ಚಿ ಹರಡುವುದು ವಾಡಿಕೆಯಾಗಿದೆ. ದೋಷವು ಟ್ಯಾಂಕಿನ ಮುಚ್ಚಳದ ಸೂಜಿಮೊನೆಯಷ್ಟು ರಂಧ್ರದಲ್ಲಿದ್ದರೆ ಇಷ್ಟೆಲ್ಲ ಮಾಡಿದರೂ ಅದು ಇದ್ದಲ್ಲಿಯೇ ಇರುವುದು. ಯಂತ್ರವು ಯಾವಾಗ, ಯಾವ ರೀತಿಯಲ್ಲಿ ನಿಲ್ಲುವುದೆಂಬುದನ್ನು ಗಮನಿಸಿ, ಪೆಟ್ರೋಲು ಹರಿಯುವ ಹಾದಿಯನ್ನು ಕ್ರಮವಾಗಿ ಪರೀಕ್ಷಿಸಿದಲ್ಲಿ, ಬಿಚ್ಚಬೇಕಾದ ಭಾಗವು ಒಂದೇ ಎಂಬುದು ಸಾಮಾನ್ಯವಾಗಿ ಗೊತ್ತಾಗುವುದು.

1. ಪೆಟ್ರೋಲಿನ ಹಾದಿ

ಕಾರ್ಬ್ಯುರೇಟರುಳ್ಳ ಮೋಟಾರು ಸೈಕಲ್ಲಿನಲ್ಲಿ ಪೆಟ್ರೋಲು ಹರಿಯುವ ಏರ್ಪಾಡು ಕೆರೆಯ ನೀರಾವರಿಯನ್ನು ಹೋಲುತ್ತದೆ. ಟ್ಯಾಂಕೇ ಕೆರೆ, ಅದರ ಕೆಳಗಿರುವ ಪೆಟ್ರೋಲು ಕಾಕೇ ತೂಬು, ರಬ್ಬರು ಕೊಳವೆಯೇ ಕಾಲುವೆ. ಕಾಲುವೆಯ ನೀರು ಕಾರ್ಬ್ಯುರೇಟರಿನ ತಳದಲ್ಲಿರುವ ಸಣ್ಣ ಬಟ್ಟಲಿಗೆ ಬಂದು ನಿಲ್ಲುವುದು. ಆ ಬಟ್ಟಲಿನಲ್ಲಿ ತೇಲುವ ಫ್ಲೋಟು ಪೆಟ್ರೋಲಿನೊಡನೆ ಮೇಲೇರಿ, ತಕ್ಕ ಮಟ್ಟಕ್ಕೆ ಬಂದೊಡನೆ ಒಂದು ಸೂಜಿಯನ್ನು ಒತ್ತಿ ಒಳಹರಿವನ್ನು ಮುಚ್ಚುವುದು. ಮಟ್ಟವು ಇಳಿದೊಡನೆ ತೆರೆಯುವುದು. ಬಟ್ಟಲಿನಿಂದ ಪೆಟ್ರೋಲು ಜೆಟ್ಟುಗಳೆಂಬ ಅತಿ ಸಣ್ಣ ರಂಧ್ರಗಳ ಮೂಲಕ ಮೇಲೆದ್ದು, ವೇಗವಾಗಿ ಒಳನುಗ್ಗುವ ಗಾಳಿಯೊಡನೆ ತುಂತುರಾಗಿ ಬೆರೆತು ಸಿಲಿಂಡರನ್ನು ಸೇರುವುದು. ಕೈಯಿಂದ ಒತ್ತುವ ಸೊಳ್ಳೆ ಔಷಧದ ಪಂಪಿನಲ್ಲಿ ಗಾಳಿಯ ರಭಸವು ಡಬ್ಬಿಯ ಔಷಧವನ್ನು ಮೇಲೆಳೆದು ತುಂತುರು ಮಾಡುವುದನ್ನು ಎಲ್ಲರೂ ನೋಡಿರುವರು. ಇಲ್ಲಿಯ ತತ್ತ್ವವೂ ಅದೇ. ಜರ್ಮನಿಯ ವಿಲ್‌ಹೆಲ್ಮ್ ಮೇಬಾಕ್ ಎಂಬುವರು 1893ರಲ್ಲಿ ಇಂಥಾ ತುಂತುರು ಕಾರ್ಬ್ಯುರೇಟರನ್ನು ನಿರ್ಮಿಸಿದರು. ಅದರ ಮೂಲತತ್ತ್ವವು ಇಂದಿನ ಕಾರ್ಬ್ಯುರೇಟರುಗಳಲ್ಲಿಯೂ ಬದಲಾಗಿರುವುದಿಲ್ಲ.

ಕೊನೆಯ ಗದ್ದೆಗೆ ನೀರು ಬಾರದಿದ್ದಾಗ ಅನುಭವಸ್ಥನಾದ ನೀರುಗಂಟಿಯು ಗದ್ದೆಯನ್ನು ಅಗೆಯುವುದಿಲ್ಲ. ಕಾಲುವೆಯ ನಡುವೆ ಒಂದು ಕಡೆ ನಿಂತು ನೋಡಿ, ಅಲ್ಲಿ ನೀರಿದ್ದರೆ ಕೆಳಕ್ಕೂ, ಇಲ್ಲದಿದ್ದರೆ ತೂಬಿನ ಕಡೆಗೂ ನಡೆಯುವನು. ಮೋಟಾರು ಸೈಕಲ್ಲಿನಲ್ಲಿಯೂ ಅನುಸರಿಸತಕ್ಕ ಮಾರ್ಗವು ಇದೇ ಆಗಿದೆ.

2. ದೋಷವು ಕಿಡಿಯದೋ, ಪೆಟ್ರೋಲಿನದೋ

ಯಂತ್ರವು ದೀಪವನ್ನು ಆರಿಸಿದಂತೆ ಒಮ್ಮೆಲೇ ನಿಂತರೆ ಸಾಮಾನ್ಯವಾಗಿ ಕಿಡಿಯ ದೋಷವೆಂದು ಗ್ರಹಿಸಬಹುದು. ಮೊದಲು ಶಕ್ತಿ ಕುಗ್ಗಿ, ಜಗ್ಗಾಡಿ, ಮುಗ್ಗರಿಸಿ, ಕೊನೆಗೆ ನಿಂತರೆ ಪೆಟ್ರೋಲಿನ ಕೊರತೆಯೆಂದು ಶಂಕಿಸತಕ್ಕದ್ದು. ಇದನ್ನು ದೃಢಪಡಿಸಿಕೊಳ್ಳಲು, ನಿಂತ ಯಂತ್ರಕ್ಕೆ ಹತ್ತಾರು ಸಲ ಕಿಕ್ಕು ಹೊಡೆದು, ಅದು ಆರಿದ ತರುವಾಯ ಪ್ಲಗ್ಗನ್ನು ಬಿಚ್ಚಿ ನೋಡಬೇಕು. ತುದಿಯು ಒಣಗಿದ್ದರೆ ಪೆಟ್ರೋಲು ಸಿಲಿಂಡರಿಗೆ ಬರುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲು ಬರುತ್ತಿದೆ. ಆದರೆ ಕಿಡಿ ಇಲ್ಲ, ಅಥವಾ ಪೆಟ್ರೋಲು ಮಿತಿಮೀರಿ ಬರುತ್ತಿದೆ.

ಹಲವು ದಿನ ಓಡಿದ ಪ್ಲಗ್ಗಿನ ಬಣ್ಣವೂ ಒಂದು ಸಾಕ್ಷಿ. ಕಂದು ಬಣ್ಣವಿದ್ದರೆ ಮಿಶ್ರಣವು ಸರಿಯಾಗಿದೆ. ಬಿಳುಪಾಗಿದ್ದರೆ ಪೆಟ್ರೋಲು ಕಡಿಮೆ ಅಥವಾ ಗಾಳಿ ಹೆಚ್ಚು. ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು ಅಥವಾ ಗಾಳಿ ಕಡಿಮೆ. ಕಣ ಮಾಡುವ ಕಾಲದಲ್ಲಿ ಹೊಟ್ಟು ಧೂಳುಗಳಿಂದ ಗಾಳಿಯ ಫಿಲ್ಟರು ಕಟ್ಟಿಕೊಂಡಾಗಲೂ, ಚೋಕನ್ನು ಹಾಕಿ ಹಿಂದಕ್ಕೆ ಸರಿಸಲು ಮರೆತಾಗಲೂ ಪ್ಲಗ್ಗು ಮಸಿ ಹಿಡಿದು ಯಂತ್ರವು ನಿಲ್ಲುವುದುಂಟು. ಆದುದರಿಂದ ಬೇರಾವುದನ್ನು ಮುಟ್ಟುವುದಕ್ಕೂ ಮೊದಲು ಇವೆರಡನ್ನು ನೋಡತಕ್ಕದ್ದು.

3. ಪರೀಕ್ಷೆಗೆ ಮುಂಚೆ ವಹಿಸತಕ್ಕ ಎಚ್ಚರಿಕೆ

ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದುದು. ಅದು ಮೇಲಕ್ಕೆ ಹಾರಿಹೋಗದೆ ನೆಲವನ್ನು ಹಿಡಿದು ತಗ್ಗಿನ ಕಡೆಗೆ ಹರಿದು, ದೂರದಲ್ಲಿರುವ ಬೆಂಕಿಯಿಂದಲೂ ಹೊತ್ತಿಕೊಳ್ಳಬಲ್ಲುದು. ಆದುದರಿಂದ ಈ ಪರೀಕ್ಷೆಗಳನ್ನು ಬಯಲಿನಲ್ಲಿ, ಹಗಲಿನಲ್ಲಿ, ಯಂತ್ರವು ಪೂರ್ಣವಾಗಿ ಆರಿದ ಮೇಲೆ ಮಾಡತಕ್ಕದ್ದು. ಕೊಟ್ಟಿಗೆಯಲ್ಲಾಗಲಿ, ಹುಲ್ಲಿನ ಬಣವೆಯ ಬಳಿಯಲ್ಲಾಗಲಿ, ಅಡಿಗೆಯ ಒಲೆಗೆ ಹತ್ತಿರವಾಗಲಿ ಮಾಡಕೂಡದು. ಬೀಡಿ ಸಿಗರೇಟುಗಳನ್ನು ದೂರವಿಡಬೇಕು. ಪೆಟ್ರೋಲು ಸೋರುತ್ತಿರುವಾಗ ಪ್ಲಗ್ಗಿನ ಕಿಡಿಯನ್ನು ಹೊರಗೆ ಹಿಡಿದು ಪರೀಕ್ಷಿಸುವ ಅಭ್ಯಾಸವು ಬೆಂಕಿಯನ್ನು ತಾನಾಗಿಯೇ ಕರೆದಂತೆ.

ಕೊಳವೆಗೆ ಬಾಯಿಟ್ಟು ಪೆಟ್ರೋಲನ್ನು ಹೀರುವ ರೂಢಿಯನ್ನು ಸಂಪೂರ್ಣವಾಗಿ ಬಿಡತಕ್ಕದ್ದು. ಅದು ಶ್ವಾಸಕೋಶವನ್ನು ಸೇರಿದರೆ ಪ್ರಾಣಾಪಾಯವುಂಟು. ಅಕಸ್ಮಾತ್ತಾಗಿ ಯಾರಾದರೂ ನುಂಗಿದಲ್ಲಿ ವಾಂತಿ ಮಾಡಿಸದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು; ವಾಂತಿಯಾಗುವಾಗಲೇ ಅದು ಶ್ವಾಸನಾಳಕ್ಕೆ ಇಳಿಯುವ ಭಯವು ಹೆಚ್ಚು. ಪರೀಕ್ಷೆಗೆ ತೆಗೆದ ಪೆಟ್ರೋಲನ್ನು ಕುಡಿಯುವ ನೀರಿನ ಸೀಸೆಯಲ್ಲಿ ಇಡಕೂಡದು. ಬಾವಿ, ಕಾಲುವೆ, ತಿಪ್ಪೆಗಳ ಬಳಿ ಚೆಲ್ಲಕೂಡದು.

4. ಹಾದಿಯನ್ನು ಎರಡಾಗಿ ವಿಭಾಗಿಸುವ ಪರೀಕ್ಷೆ

ಕಾರ್ಬ್ಯುರೇಟರಿನ ಬಟ್ಟಲಿನ ತಳದಲ್ಲಿ ಅದನ್ನು ಬರಿದು ಮಾಡುವ ಸಲುವಾಗಿ ಒಂದು ಸ್ಕ್ರೂ ಇರುವುದು. ಅದರ ಕೆಳಗೆ ಶುದ್ಧವಾದ ಗಾಜಿನ ಸೀಸೆಯನ್ನು ಹಿಡಿದು, ಕಾಕನ್ನು ತೆರೆದು, ಸ್ಕ್ರೂವನ್ನು ಸಡಿಲಿಸಬೇಕು. ಮೊದಲು ಬಟ್ಟಲಿನಲ್ಲಿದ್ದ ಪೆಟ್ರೋಲು ಇಳಿಯುವುದು. ತರುವಾಯ ಟ್ಯಾಂಕಿನಿಂದ ಬರುವ ಪೆಟ್ರೋಲು ಒಂದೇ ಸಮನಾಗಿ ಹರಿಯಬೇಕು.

ಎಷ್ಟು ಹರಿದರೆ ಸಾಕೆಂಬುದನ್ನು ಸುಲಭವಾಗಿ ಲೆಕ್ಕ ಹಾಕಬಹುದು. ಒಂದು ಲೀಟರಿಗೆ 50 ಕಿಲೋಮೀಟರು ಓಡುವ ವಾಹನವು ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಹೋಗುವಾಗ ಗಂಟೆಗೆ ಒಂದು ಲೀಟರನ್ನು, ಎಂದರೆ ನಿಮಿಷಕ್ಕೆ ಸುಮಾರು 17 ಮಿಲಿಲೀಟರನ್ನು ಸುಡುವುದು. ಹೊರೆಯೊಡನೆ ದಿಣ್ಣೆ ಹತ್ತುವಾಗ ಇದರ ಎರಡರಷ್ಟು ಬೇಕಾಗುವುದೆಂದು ಇಟ್ಟುಕೊಂಡರೂ ನಿಮಿಷಕ್ಕೆ 34 ಮಿಲಿಲೀಟರು ಆಯಿತು. ಹೀಗಿರುವಲ್ಲಿ ಒಂದು ನಿಮಿಷದಲ್ಲಿ 100 ಮಿಲಿಲೀಟರಿಗೆ ಕಡಿಮೆಯಿಲ್ಲದೆ, ಧಾರೆಯು ಸಣ್ಣಗಾಗದೆ ಬರುತ್ತಿದ್ದರೆ ಬಟ್ಟಲಿನವರೆಗಿನ ಹಾದಿಯಲ್ಲಿ ಕೊರತೆಯಿಲ್ಲ. ದೋಷವನ್ನು ಬಟ್ಟಲಿನಿಂದ ಮುಂದೆ ಹುಡುಕತಕ್ಕದ್ದು. ಧಾರೆಯು ತೆಳುವಾಗಿ ಹನಿಹನಿಯಾಗಿ ನಿಂತರೆ ದೋಷವು ಹಿಂದೆ ಇದೆ.

ಹೊರಡುವಾಗ ಚೆನ್ನಾಗಿ ಓಡಿ, ಒಂದೆರಡು ಕಿಲೋಮೀಟರು ಹೋದಮೇಲೆ ನಿಲ್ಲುವ ವಾಹನದ ಗುಟ್ಟೂ ಇದೇ ಲೆಕ್ಕದಿಂದ ತಿಳಿಯುವುದು. ಬಟ್ಟಲು 30 ಮಿಲಿಲೀಟರು ಹಿಡಿಯುವುದೆಂದು ಭಾವಿಸಿದರೆ, ಅಷ್ಟರಿಂದಲೇ ವಾಹನವು ಒಂದೂವರೆ ಕಿಲೋಮೀಟರು ಹೋಗುವುದು. ನಿಂತಿದ್ದಾಗ ನಿಧಾನವಾಗಿ ತುಂಬಿಕೊಂಡ ಬಟ್ಟಲು ಓಡುವಾಗ ಬರಿದಾಗುವುದು. ಸ್ವಲ್ಪ ಹೊತ್ತು ನಿಲ್ಲಿಸಿದರೆ ಪುನಃ ತುಂಬಿಕೊಂಡು ಯಂತ್ರವು ಹೊರಡುವುದು. ಇಂಥಾ ವಾಹನದ ಪ್ಲಗ್ಗನ್ನು ಎಷ್ಟು ಸಲ ಬದಲಾಯಿಸಿದರೂ ಪ್ರಯೋಜನವಿಲ್ಲ.

5. ಬಟ್ಟಲಿಗಿಂತ ಮೇಲಿನ ದೋಷಗಳು

(ಅ) ಮುಚ್ಚಳದ ರಂಧ್ರ.— ಟ್ಯಾಂಕಿನಿಂದ ಪೆಟ್ರೋಲು ಇಳಿದಷ್ಟೂ ಅದರ ಸ್ಥಳಕ್ಕೆ ಗಾಳಿಯು ಒಳಗೆ ಬರಬೇಕು. ಇದಕ್ಕಾಗಿ ಮುಚ್ಚಳದಲ್ಲಿ ಸಣ್ಣ ದಾರಿಯನ್ನು ಇಟ್ಟಿರುವರು. ಅದು ಕೆಮ್ಮಣ್ಣು ಧೂಳುಗಳಿಂದ ಕಟ್ಟಿಕೊಂಡರೆ ಒಳಗೆ ಗಾಳಿಯ ಒತ್ತಡ ಕುಗ್ಗಿ ಪೆಟ್ರೋಲು ಇಳಿಯದೆ ನಿಲ್ಲುವುದು. ಹುಲ್ಲಿನ ಹೊರೆಯನ್ನೋ ಹಿಂಡಿಯ ಚೀಲವನ್ನೋ ಟ್ಯಾಂಕಿನ ಮೇಲೆ ಒತ್ತಿ ಇಟ್ಟುಕೊಂಡು ಬರುವಾಗಲೂ, ಮಳೆಗೆಂದು ಪ್ಲಾಸ್ಟಿಕ್ಕು ಹಾಳೆಯನ್ನು ಮುಚ್ಚಳಕ್ಕೆ ಬಿಗಿಯಾಗಿ ಕಟ್ಟಿದಾಗಲೂ ಹೀಗಾಗಬಹುದು. ಟ್ಯಾಂಕು ತುಂಬಿದ್ದಾಗ ಒಳಗಿನ ಗಾಳಿ ಸ್ವಲ್ಪವೇ ಆದುದರಿಂದ ಈ ದೋಷವು ಬೇಗ ಕಾಣಿಸಿಕೊಳ್ಳುವುದು. ಮೇಲ್ಕಂಡ ಪರೀಕ್ಷೆಯಲ್ಲಿ ಧಾರೆಯು ನಿಂತ ಕೂಡಲೆ ಮುಚ್ಚಳವನ್ನು ತೆರೆಯಬೇಕು. ಗಾಳಿಯು ಸುಯ್ಯೆಂದು ಒಳಗೆ ಹೋಗಿ ಧಾರೆಯು ಮರಳಿ ಬಂದರೆ ದೋಷವು ಮುಚ್ಚಳದಲ್ಲಿಯೇ ಇದೆ. ಅದನ್ನು ತೊಳೆದು ಗಾಳಿ ಹಾಯಿಸಿದರೆ ಸಾಕು. ಮುಚ್ಚಳವನ್ನು ಸಡಿಲವಾಗಿಟ್ಟುಕೊಂಡು ವಾಹನವನ್ನು ಓಡಿಸುವುದು ಅಪಾಯಕರ.

(ಆ) ಕಾಕು ಮತ್ತು ಜರಡಿ.— ಕೆರೆಯಲ್ಲಿ ಹೂಳು ತುಂಬುವಂತೆ ಟ್ಯಾಂಕಿನ ತಳದಲ್ಲಿ ತುಕ್ಕು, ಕಸ, ನೀರು ಸೇರುವುವು. ಸಾಮಾನ್ಯವಾದ ಕಾಕಿನಲ್ಲಿ ಎರಡು ಒಳದಾರಿಗಳಿರುವುವು. ನಿತ್ಯದ ದಾರಿಯು ತಳದಿಂದ ಸ್ವಲ್ಪ ಎತ್ತರದಲ್ಲಿಯೂ, ರಿಸರ್ವಿನ ದಾರಿಯು ತಳಕ್ಕೆ ಸಮೀಪವಾಗಿಯೂ ಇರುವುದರಿಂದ, ರಿಸರ್ವಿಗೆ ತಿರುಗಿಸಿದ ಮೇಲೆಯೇ ಯಂತ್ರವು ತೊಂದರೆ ಕೊಡಲು ಆರಂಭಿಸಿದರೆ ತಳದ ಹೂಳೇ ಕಾರಣವೆಂದು ತಿಳಿಯಬೇಕು. ಕೊಳವೆಯನ್ನು ಕಾರ್ಬ್ಯುರೇಟರಿನ ಕಡೆಯಿಂದ ಕಳಚಿ ಸೀಸೆಗೆ ಹಿಡಿದಾಗ ಅಲ್ಲಿಯೂ ಧಾರೆಯು ತೆಳ್ಳಗಿದ್ದರೆ ಕಾಕು, ಅದರ ಜರಡಿ ಅಥವಾ ಕೊಳವೆಯನ್ನು ಶುದ್ಧಿ ಮಾಡಬೇಕು. ಕೊಳವೆಯಿಂದ ಧಾರಾಳವಾಗಿ ಬಂದು, ಬಟ್ಟಲಿನ ಸ್ಕ್ರೂವಿನಿಂದ ಮಾತ್ರ ಬಾರದಿದ್ದರೆ ಫ್ಲೋಟಿನ ಸೂಜಿಯು ಅಂಟಿಕೊಂಡಿರುವುದು ನಿಶ್ಚಯ. ಕೆಲವು ವಾಹನಗಳ ಕಾಕು ಯಂತ್ರದ ಸೆಳೆತದಿಂದ ಮಾತ್ರ ತೆರೆಯುವಂಥದು. ಯಂತ್ರವು ನಿಂತಿರುವಾಗ ಅವುಗಳಲ್ಲಿ ಪೆಟ್ರೋಲು ಬಾರದಿರುವುದನ್ನು ದೋಷವೆಂದು ಎಣಿಸಕೂಡದು.

(ಇ) ಕೊಳವೆ.— ಹಳೆಯ ರಬ್ಬರು ಒಳಗೊಳಗೇ ಉಬ್ಬಿ ದಾರಿಯನ್ನು ಕಿರಿದು ಮಾಡುವುದುಂಟು. ಹೊಸ ಕೊಳವೆಯು ಉದ್ದವಾಗಿದ್ದರೆ ಮಡಿಚಿಕೊಂಡು ಮುಚ್ಚುವುದುಂಟು. ಬಿರುಕುಬಿಟ್ಟ ಕೊಳವೆಯನ್ನು ಆ ದಿನವೇ ಬದಲಾಯಿಸತಕ್ಕದ್ದು. ಅದರಿಂದ ಬಿಸಿಯಾದ ಯಂತ್ರದ ಮೇಲೆ ಸೋರುವ ಪೆಟ್ರೋಲು ವಾಹನವನ್ನೂ ಸವಾರನನ್ನೂ ಸುಡಬಲ್ಲುದು.

(ಈ) ಬಿಸಿಲು.— ಪೆಟ್ರೋಲಿನ ಹಗುರವಾದ ಅಂಶಗಳು 40 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿಯೇ ಕುದಿಯಲಾರಂಭಿಸುವುವು. ರಾಯಚೂರು, ಕಲಬುರಗಿ ಸೀಮೆಗಳಲ್ಲಿ ಬೇಸಗೆಯ ಬಿಸಿಲೇ 40 ಡಿಗ್ರಿಯನ್ನು ಮೀರುವುದರಿಂದ, ಕೊಳವೆಯು ಸಿಲಿಂಡರಿಗೆ ತಗುಲಿಕೊಂಡಿದ್ದರೆ ಒಳಗೆ ಆವಿಯ ಗುಳ್ಳೆಗಳೆದ್ದು ಹರಿವನ್ನು ತಡೆಯುವುವು. ನೆರಳಿನಲ್ಲಿ ನಿಲ್ಲಿಸಿ ಕೊಳವೆಯ ಮೇಲೆ ಒದ್ದೆ ಬಟ್ಟೆಯನ್ನು ಹಾಕಿದರೆ ಯಂತ್ರವು ಹೊರಡುವುದು. ಕಾದ ಸಿಲಿಂಡರಿನ ಮೇಲೆ ನೀರೆರಚಕೂಡದು, ಅದು ಬಿರಿಯಬಹುದು. ಕೊಳವೆಯನ್ನು ಬಿಸಿಯಿಂದ ದೂರವಾಗಿ ಹಾಯಿಸುವುದೇ ಶಾಶ್ವತವಾದ ಪರಿಹಾರ.

6. ಬಟ್ಟಲಿನ ಮತ್ತು ಜೆಟ್ಟುಗಳ ದೋಷಗಳು

ಸೀಸೆಯಲ್ಲಿ ಹಿಡಿದ ಪೆಟ್ರೋಲನ್ನು ಹತ್ತು ನಿಮಿಷ ಅಲುಗಿಸದೆ ಇಟ್ಟು ಬೆಳಕಿಗೆ ಹಿಡಿದು ನೋಡಬೇಕು. ಪೆಟ್ರೋಲು ನೀರಿಗಿಂತ ಹಗುರವಾದುದು. ಒಂದು ಲೀಟರು ನೀರು ಒಂದು ಕಿಲೋಗ್ರಾಂ ತೂಗಿದರೆ ಅಷ್ಟೇ ಪೆಟ್ರೋಲು ಮುಕ್ಕಾಲು ಕಿಲೋಗ್ರಾಮಿನಷ್ಟು ತೂಗುವುದು. ಆದುದರಿಂದ ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಂತಿರುವುದು ಕಾಣುವುದು. ಒಂದೇ ಹನಿ ನೀರು ಜೆಟ್ಟಿನ ಬಾಯಲ್ಲಿ ನಿಂತರೂ ಯಂತ್ರವು ಮುಗ್ಗರಿಸುವುದು. ತಳದಲ್ಲಿ ಕೆಂಪು ಪುಡಿಯು ಕಂಡರೆ ಟ್ಯಾಂಕು ತುಕ್ಕು ಹಿಡಿದಿದೆಯೆಂದು ಅರ್ಥ. ಟ್ಯಾಂಕನ್ನು ಶುದ್ಧಿ ಮಾಡದೆ ಜೆಟ್ಟನ್ನು ಮಾತ್ರ ಶುದ್ಧಿ ಮಾಡಿದರೆ ತೊಂದರೆಯು ವಾರದೊಳಗೆ ಮರುಕಳಿಸುವುದು.

ಸೀಸೆಯ ಪೆಟ್ರೋಲು ನಿರ್ಮಲವಾಗಿದ್ದರೆ ಯಾವ ಜೆಟ್ಟು ಕಟ್ಟಿರುವುದೆಂಬುದನ್ನು ಓಟದಿಂದಲೇ ತಿಳಿಯಬಹುದು:—

ನಿಂತಲ್ಲಿ ನಿಧಾನವಾಗಿ ಓಡುವಾಗ ಯಂತ್ರವು ಆರಿಹೋಗಿ, ಆಕ್ಸಿಲರೇಟರನ್ನು ಹೆಚ್ಚಿಸಿದಾಗ ಚೆನ್ನಾಗಿ ಓಡಿದರೆ ಪೈಲಟ್ ಜೆಟ್ಟು ಕಟ್ಟಿದೆ.

ನಿಧಾನದಲ್ಲಿ ಸರಿಯಾಗಿದ್ದು, ವೇಗದಲ್ಲಿಯೂ ದಿಣ್ಣೆಯಲ್ಲಿಯೂ ಶಕ್ತಿ ಕುಂದಿದರೆ ಮೈನ್ ಜೆಟ್ಟು ಕಟ್ಟಿದೆ, ಅಥವಾ ಹಿಂದೆ ಹೇಳಿದ ಹರಿವು ಸಾಲದು.

ಚೋಕನ್ನು ಸ್ವಲ್ಪ ಹಾಕಿದಾಗ ಓಟವು ಸುಧಾರಿಸಿದರೆ ಪೆಟ್ರೋಲಿನ ಕೊರತೆಯುಂಟು, ಇಲ್ಲವೆ ಕಾರ್ಬ್ಯುರೇಟರಿಗೂ ಯಂತ್ರಕ್ಕೂ ನಡುವಣ ರಬ್ಬರಿನ ಬಿರುಕಿನಿಂದ ಹೊರಗಾಳಿ ನುಗ್ಗುತ್ತಿದೆ. ಚೋಕಿನಿಂದ ಓಟವು ಇನ್ನಷ್ಟು ಕೆಟ್ಟರೆ ಪೆಟ್ರೋಲು ಈಗಾಗಲೇ ಹೆಚ್ಚಾಗಿದೆ.

ಬಟ್ಟಲಿನ ಓವರ್‌ಫ್ಲೋ ಕೊಳವೆಯಿಂದ ಪೆಟ್ರೋಲು ಸೋರುತ್ತಿದ್ದರೆ ಸೂಜಿಯ ಬಾಯಲ್ಲಿ ಕಸ ಸಿಕ್ಕಿ ಅದು ಮುಚ್ಚುತ್ತಿಲ್ಲ.

ಜೆಟ್ಟಿನ ರಂಧ್ರವು ಅತಿ ಸಣ್ಣದು. ಅದರ ಅಳತೆಯ ಮೇಲೆಯೇ ಮಿಶ್ರಣವು ನಿಂತಿರುವುದು. ಉಕ್ಕಿನ ತಂತಿಯಿಂದಾಗಲಿ, ಸೂಜಿಯಿಂದಾಗಲಿ ಚುಚ್ಚಿದರೆ ರಂಧ್ರವು ಅಗಲವಾಗಿ, ಯಂತ್ರವು ಎಂದೆಂದಿಗೂ ಹೆಚ್ಚು ಪೆಟ್ರೋಲು ಕುಡಿಯುವುದು. ಗಾಳಿಯನ್ನು ಹಾಯಿಸಿಯೇ ಶುದ್ಧಿ ಮಾಡತಕ್ಕದ್ದು. ಒಂದು ಸಲಕ್ಕೆ ಒಂದೇ ಭಾಗವನ್ನು ಸರಿಪಡಿಸಿ ವಾಹನವನ್ನು ಓಡಿಸಿ ನೋಡಬೇಕು. ಒಟ್ಟಿಗೆ ನಾಲ್ಕನ್ನು ಬದಲಾಯಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದೆ, ಮುಂದಿನ ಸಲ ನಾಲ್ಕಕ್ಕೂ ಪುನಃ ಹಣ ತೆರಬೇಕಾಗುವುದು.

7. ಎಥನಾಲು ಬೆರೆತ ಪೆಟ್ರೋಲು

ನೂರಕ್ಕೆ 20 ಭಾಗ ಎಥನಾಲು ಬೆರೆತ ಪೆಟ್ರೋಲಿನ ಮಾರಾಟವನ್ನು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಪ್ರಾರಂಭಿಸಲಾಯಿತು. ಈ ಎಥನಾಲು ಕಬ್ಬಿನ ಹಾಲು, ಕಾಕಂಬಿ, ಮೆಕ್ಕೆಜೋಳ, ಅಕ್ಕಿಯ ನುಚ್ಚು ಮುಂತಾದುವುಗಳಿಂದ ಆಗುವುದಾದ ಕಾರಣ ಬೆಳೆಗಾರರಿಗೆ ಇದರಲ್ಲಿ ಸಂಬಂಧವುಂಟು. ಆದರೆ ವಾಹನದ ಯಜಮಾನರು ಅದರ ಒಂದು ಗುಣವನ್ನು ಅರಿತಿರಬೇಕು. ಎಥನಾಲು ನೀರನ್ನು ತನ್ನೊಡನೆ ಸೇರಿಸಿಕೊಳ್ಳುವುದು. ಅಲ್ಪಸ್ವಲ್ಪ ನೀರು ಅದರಲ್ಲಿ ಕರಗಿ ಪೆಟ್ರೋಲಿನೊಡನೆ ಸುಟ್ಟುಹೋಗುವುದು. ಮಿತಿಯನ್ನು ಮೀರಿದರೆ ನೀರೂ ಎಥನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುವುವು. ಆಗ ಕಾಕಿನ ಬಾಯಿಗೆ ಬರುವುದು ಆ ತಳದ ದ್ರವವೇ ಆದುದರಿಂದ ಯಂತ್ರವು ನಿಲ್ಲುವುದು. ಇಂಥಾ ಪೆಟ್ರೋಲನ್ನು ಪೂರ್ತಿಯಾಗಿ ತೆಗೆದುಹಾಕುವುದೇ ಉಪಾಯ. ಹಳೆಯ ವಾಹನಗಳ ಕೆಲವು ರಬ್ಬರು ಭಾಗಗಳು ಇದರಿಂದ ಬೇಗ ಸವೆಯಬಹುದಾದ್ದರಿಂದ ಕೊಳವೆಗಳನ್ನು ಆಗಾಗ್ಗೆ ನೋಡಿಕೊಳ್ಳುತ್ತಿರಬೇಕು.

ಮೈಸೂರಿನಲ್ಲಿ 1960ರ ದಶಕದಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ವಾಹನಗಳಲ್ಲಿ ಹಲವು ಈಗಲೂ ಓಡುತ್ತಿರುವುವು. ಎಣ್ಣೆಯನ್ನು ಪೆಟ್ರೋಲಿನೊಡನೆ ಬೆರಸಿ ಹಾಕುವ ಇಂಥಾ ವಾಹನಗಳನ್ನು ಬಹಳ ದಿನ ನಿಲ್ಲಿಸಿದರೆ ಬಟ್ಟಲಿನ ಪೆಟ್ರೋಲು ಆರಿ, ಎಣ್ಣೆಯು ಅಂಟಾಗಿ ಉಳಿದು, ಪೈಲಟ್ ಜೆಟ್ಟನ್ನು ಮುಚ್ಚುವುದು. ಹೀಗೆ ನಿಂತಿದ್ದ ವಾಹನವು ಹೊರಡದಿದ್ದರೆ ಮೊದಲು ಇಲ್ಲಿ ನೋಡತಕ್ಕದ್ದು.

8. ಕಾರ್ಬ್ಯುರೇಟರು ಇಲ್ಲದ ಹೊಸ ವಾಹನಗಳು

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಗೆಯ ನಿಯಮಗಳ ತರುವಾಯ ತಯಾರಾದ ಮೋಟಾರು ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಕಾರ್ಬ್ಯುರೇಟರಿನ ಬದಲು ಇಂಜೆಕ್ಟರು ಇರುವುದು. ಇವುಗಳಲ್ಲಿ ಪೆಟ್ರೋಲು ತಾನಾಗಿ ಇಳಿಯದೆ, ವಿದ್ಯುತ್ತಿನ ಪಂಪೊಂದು ಅದನ್ನು ಗಾಳಿಯ ಸಹಜ ಒತ್ತಡದ ಸುಮಾರು ಮೂರರಷ್ಟು ಒತ್ತಡದಿಂದ ತಳ್ಳುವುದು. ಆದುದರಿಂದ ಇವುಗಳ ಕೊಳವೆಯನ್ನು ಮನೆಯಲ್ಲಿ ಕಳಚಕೂಡದು. ಪೆಟ್ರೋಲು ಚಿಮ್ಮಿ ಕಣ್ಣಿಗೆ ಬೀಳುವ, ಬೆಂಕಿ ಹತ್ತುವ ಭಯವುಂಟು. ಯಜಮಾನನು ನೋಡಬಹುದಾದುವು ಇಷ್ಟೇ: ಟ್ಯಾಂಕಿನಲ್ಲಿ ಪೆಟ್ರೋಲು ಇದೆಯೇ, ಕೀಲಿಯನ್ನು ತಿರುಗಿಸಿದೊಡನೆ ಎರಡು ಮೂರು ಸೆಕೆಂಡು ಪಂಪಿನ ಗುಂಯ್‌ಗುಡುವ ಶಬ್ದ ಕೇಳುವುದೇ, ಕೇಳದಿದ್ದರೆ ಬ್ಯಾಟರಿಯು ಕುಗ್ಗಿದೆಯೇ, ಫ್ಯೂಸು ಹೋಗಿದೆಯೇ, ಯಂತ್ರದ ಎಚ್ಚರಿಕೆಯ ದೀಪವು ಉರಿಯುತ್ತಲೇ ಇದೆಯೇ. ಇವುಗಳನ್ನು ಗುರುತುಮಾಡಿ ತಿಳಿಸಿದರೆ ಮೆಕ್ಯಾನಿಕ್ಕಿನ ಕೆಲಸವು ಅರ್ಧವಾಗುವುದು. ಟ್ಯಾಂಕಿನೊಳಗಿನ ಪಂಪು ಪೆಟ್ರೋಲಿನಿಂದಲೇ ತಂಪಾಗುವುದರಿಂದ ಸದಾ ತಳಮಟ್ಟದ ಪೆಟ್ರೋಲಿನಲ್ಲಿ ಓಡಿಸುವ ಅಭ್ಯಾಸವು ಒಳ್ಳೆಯದಲ್ಲ.

9. ದೋಷವು ಬಾರದಂತೆ ಮಾಡತಕ್ಕ ಉಪಾಯಗಳು

ಮಳೆಗಾಲದಲ್ಲಿ ಟ್ಯಾಂಕನ್ನು ಅರ್ಧ ಖಾಲಿಯಾಗಿ ಬಹುದಿನ ಬಿಡಕೂಡದು. ಒಳಗಿನ ತೇವದ ಗಾಳಿಯು ರಾತ್ರಿಯ ತಂಪಿಗೆ ನೀರಾಗಿ ತುಕ್ಕಿಗೆ ಕಾರಣವಾಗುವುದು. ಪಂಪುಸೆಟ್ಟಿನ ನೀರಿನಿಂದ ವಾಹನವನ್ನು ತೊಳೆಯುವಾಗ ಮುಚ್ಚಳದ ಮೇಲೆ ನೇರವಾಗಿ ನೀರು ಬಿಡಕೂಡದು. ಮುಚ್ಚಳದ ಸುತ್ತಣ ನೀರು ಇಳಿದುಹೋಗಲು ಸಣ್ಣ ತೂತು ಇದ್ದಲ್ಲಿ ಅದನ್ನು ಮಣ್ಣಿಲ್ಲದಂತೆ ಇಟ್ಟುಕೊಳ್ಳಬೇಕು. ಡಬ್ಬಿಯಲ್ಲಿ ತಂದ ಪೆಟ್ರೋಲನ್ನು ಸೋಸದೆ ಹಾಕಕೂಡದು. ತಿಂಗಳುಗಟ್ಟಲೆ ವಾಹನವನ್ನು ನಿಲ್ಲಿಸಬೇಕಾದಾಗ ಕಾಕನ್ನು ಮುಚ್ಚಿ ಬಟ್ಟಲನ್ನು ಬರಿದು ಮಾಡಿಡತಕ್ಕದ್ದು. ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ಜರಡಿ ಮತ್ತು ಕೊಳವೆಗಳನ್ನು ನೋಡಿಸಿದರೆ ಬಿತ್ತನೆಯ ಕಾಲದಲ್ಲಿ ತೊಂದರೆಯಿರುವುದಿಲ್ಲ.

ಈ ಪರೀಕ್ಷೆಗಳಿಗೆ ಬೇಕಾದ ಸಲಕರಣೆಗಳು ಒಂದು ಗಾಜಿನ ಸೀಸೆ, ಒಂದು ಸ್ಕ್ರೂಡ್ರೈವರು, ಪ್ಲಗ್ಗು ಬಿಚ್ಚುವ ಸ್ಪ್ಯಾನರು ಮತ್ತು ಒಂದು ಗೇಣು ಹೊಸ ಕೊಳವೆ. ಊರಿನ ಮುಖಂಡರು ಇವನ್ನು ಹಾಲಿನ ಸಂಘದಲ್ಲಾಗಲಿ, ಸಹಕಾರ ಸಂಘದಲ್ಲಾಗಲಿ ಇಡಿಸಿ, ಆಸಕ್ತರಾದ ಒಬ್ಬಿಬ್ಬರು ಯುವಕರಿಗೆ ಮೇಲಿನ ಕ್ರಮವನ್ನು ಕಲಿಸಿದಲ್ಲಿ, ಊರಿನವರಿಗೆ ಬಹಳ ಹಣವೂ ಕಾಲವೂ ಉಳಿಯುವುದು. ಬೆಂಕಿಯ ಮತ್ತು ಬಾಯಿಂದ ಹೀರುವ ಅಪಾಯಗಳನ್ನು ಮಾತ್ರ ಮನೆಯ ಮಕ್ಕಳಿಗೂ ತಿಳಿಯಹೇಳುವುದು ಅವಶ್ಯಕ. ವಾಹನವು ಕೆಟ್ಟರೆ ನಾಳೆ ಸರಿಪಡಿಸಬಹುದು, ಸುಟ್ಟ ಕೈಯನ್ನು ಹಾಗೆ ಸರಿಪಡಿಸಲಾಗುವುದಿಲ್ಲ.